ತಂತಿಯ ಕಾಲು ಭಾಗ

ಚೇತನಕುಮಾರನ ಕಂಠಕ್ಕೆ ಶ್ರುತಿ ಹತ್ತುವುದಿಲ್ಲವೆಂಬುದು ಮನೆತನಕ್ಕೆಲ್ಲ ಗೊತ್ತಿದ್ದ ಸಂಗತಿ. ನಾರಾಯಣಗೂಡದಲ್ಲಿ ದೊಡ್ಡವ್ವ ಶಿವದೇವಿಯ ಮನೆಯಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಸುರಪುರದ ಕಡೆಯ ಹೆಣ್ಣುಮಕ್ಕಳು ಹಾಡುತ್ತಿದ್ದರೆ, ಇವನು ಚಪ್ಪಲಿ ಬಿಡುವ ಕಡೆ ಕೂತು ಚುರುಮುರಿ ಬರುವುದನ್ನು ಕಾಯುತ್ತಿದ್ದ. ಪಕ್ಕದ ಓಣಿಯ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರಾದ ಮೇಲೂ ಅವನ ಜಾಗ ಬದಲಾಗಿರಲಿಲ್ಲ.

ತಂಬೂರಿ ಮೀಟುತ್ತಿದ್ದ ಗೋದಾವರಿ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋದಳು. ತಂಬೂರಿ ಅವಳದೇ, ಅದೂ ಜೊತೆಗೆ ಹೋಯಿತು. ಆಗ ಚೇತನ ತನ್ನ ಹತ್ತಿರ ಬಿದ್ದಿದ್ದ, ದಪ್ಪ ದನಿಯ ಬೇಸ್ ಗಿಟಾರನ್ನು ಮುಂದಿಟ್ಟ. ಅದರ ಎರಡನೆಯ ತಂತಿ ದೊಡ್ಡವ್ವ ಹಾಡಿಗೆ ಹಿಡಿಯುವ ಸಾ ಸ್ವರಕ್ಕಿಂತ ಸರಿಯಾಗಿ ಎರಡು ಸ್ಥಾಯಿ ಕೆಳಗಿತ್ತು. ಎಲ್ಲಿಯೂ ಒತ್ತದೆ, ತೆರೆದ ತಂತಿಯನ್ನೇ ತಂಬೂರಿಯಂತೆ ಮೀಟುತ್ತ ಹೋದರೆ ಸಾಕು.

ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಪಟ್ಟಿ, ಅಂದರೆ ಪಿಕಪ್ಪು, ಅದರಲ್ಲಿ ಕೆಟ್ಟಿತ್ತು. ಹೊಸದನ್ನು ಎಲ್ಲಿ ಕೂಡಿಸಬೇಕೆಂದು ಚೇತನ ಬಹಳ ಯೋಚಿಸಿದ. ತಂತಿಗಳನ್ನು ಹೊರುವ ಕುದುರೆಯ ಹತ್ತಿರ ಅಲುಗಾಟ ಕಡಿಮೆ, ದನಿ ಸಣ್ಣದು. ದೂರ ಹೋದಷ್ಟೂ ದನಿ ದೊಡ್ಡದು, ಆದರೆ ಗುಂಯ್‌ಗುಡುತ್ತದೆ. ಕೊನೆಗೆ ಕುದುರೆಯಿಂದ ತಂತಿಯ ಸರಿಯಾಗಿ ಕಾಲು ಭಾಗದಲ್ಲಿ ಗೆರೆ ಎಳೆದು, ಸನತ್‌ನಗರದ ಬಡಗಿಯೊಬ್ಬನಿಂದ ಗುಳಿ ತೆಗೆಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮೊದಲ ಸೋಮವಾರ ಮೀಟಿದಾಗ ತಾಳ ಹಿಡಿದಿದ್ದ ಗುರುಬಾಯಿ ನಕ್ಕುಬಿಟ್ಟಳು. "ಯಪ್ಪಾ, ಎಮ್ಮಿ ಒದರಿದಂಗ ಒದರತೈತಲ್ಲೋ!"

ದೊಡ್ಡವ್ವ ನಗಲಿಲ್ಲ. ಎರಡು ಸಲ ಹಾಡು ಎತ್ತಿಕೊಂಡು ಎರಡು ಸಲವೂ ನಿಲ್ಲಿಸಿದಳು. "ಚೇತ್ಯಾ, ಸಪ್ಪಳ ರಗಡ ಐತಿ. ಖರೇ ಇದ್ರಾಗ ನನ್ನ ಸಾ ಎಲ್ಲೈತಿ?"

ಅವನು ಗಿಟಾರಿನ ಸ್ಪೀಕರಿನ ವಾಲ್ಯೂಮ್ ಏರಿಸಿದ. ಕಿಟಕಿಯ ಗಾಜು ನಡುಗಿತು.

"ಈಗಂತೂ ಏನೂ ಕೇಳವಲ್ದು," ಎಂದಳು ದೊಡ್ಡವ್ವ. "ಮುಂದಿನ ವಾರಕ್ಕ ಆ ಕರೆಂಟಿನ ಶ್ರುತಿ ಪೆಟ್ಟಿಗಿ ತರಸ್ತೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ ಕೂಸ."

ಮತ್ತೆ ಚಪ್ಪಲಿಗಳ ಹತ್ತಿರ! ಮರುದಿನ ಗಿಟಾರು, ಸ್ಪೀಕರು ಎರಡನ್ನೂ ಹೊತ್ತುಕೊಂಡು ಅವಳ ಅಡುಗೆಮನೆಗೇ ಹೋದ. ಮೆಂತ್ಯ ಸೋಸುತ್ತಿದ್ದ ದೊಡ್ಡವ್ವ ಸಾ ಹಿಡಿದಳು, ಇವನು ಮೀಟಿದ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬೇಸರದಲ್ಲಿ ಅವನ ಎಡಗೈ ಸುಮ್ಮನೆ ಮೇಲೆ ಎಲ್ಲಿಯೋ ತಂತಿಯನ್ನು ಒತ್ತಿತು.

"ಹಾಂ! ಈಗ ಒಳಗ ಬೆಳಕು ಬಂತು ನೋಡು. ಆದ್ರ ಇದು ನನ್ನ ಸಾ ಅಲ್ಲ."

ಬೆರಳೆತ್ತಿದ, ಬೆಳಕು ಹೋಯಿತು. ಒತ್ತಿದ, ಬಂತು. ಒತ್ತಿದಾಗ ತಂತಿ ಗಿಡ್ಡವಾಗುತ್ತದೆ, ಅದರ ಕಾಲು ಭಾಗ ಪಿಕಪ್ಪಿನ ಮೇಲಿಂದ ಸರಿಯುತ್ತದೆ. ತಂತಿ ಒಟ್ಟಾಗಿಯೂ ಅಲುಗುತ್ತದೆ, ಎರಡಾಗಿ, ಮೂರಾಗಿ, ನಾಲ್ಕಾಗಿ ಭಾಗವಾಗಿಯೂ ಅಲುಗುತ್ತದೆ. ನಾಲ್ಕಾದಾಗ ಹುಟ್ಟುವ ಸ್ವರ ಎರಡು ಸ್ಥಾಯಿ ಮೇಲಿನದು, ಅಂದರೆ ದೊಡ್ಡವ್ವನ ಸಾ. ಆ ಅಲುಗಾಟದಲ್ಲಿ ಕಾಲು ಭಾಗದ ಬಿಂದು ಕದಲುವುದೇ ಇಲ್ಲ. ಮಕ್ಕಳಿಗೆ ವರ್ಷವರ್ಷವೂ ಹಲಗೆಯ ಮೇಲೆ ಬರೆದು ತೋರಿಸುವ ಪಾಠ. ಅವಳಿಗೆ ಬೇಕಾದ ಒಂದೇ ಒಂದು ಸ್ವರಕ್ಕೆ ಕಿವುಡಾದ ಜಾಗವನ್ನು ಅವನು ಅಷ್ಟು ಅಚ್ಚುಕಟ್ಟಾಗಿ ಅಳೆದು ಹುಡುಕಿದ್ದ. ಬೆರಳು ಒತ್ತುತ್ತ ಬಾರಿಸುವವರ ಕೈಯಲ್ಲಾದರೆ ಈ ತಪ್ಪು ಬಯಲಾಗುತ್ತಲೇ ಇರಲಿಲ್ಲ.

ಅಲ್ಲೇ ಪಿಕಪ್ಪು ಬಿಚ್ಚಿ ಕೈಯಲ್ಲಿ ಹಿಡಿದು, ತಂತಿಗಳ ಮೇಲೆಯೇ ಕುದುರೆಯ ಕಡೆ ನಿಧಾನ ಸರಿಸಿದ. ಸುಮಾರು ಎರಡು ಇಂಚು ಸರಿದಾಗ ದೊಡ್ಡವ್ವ ಮೆಂತ್ಯದ ಕಟ್ಟು ಕೆಳಗಿಟ್ಟಳು.

ಮುಂದಿನ ಸೋಮವಾರ ಗಿಟಾರಿನ ಮೈಮೇಲೆ ಹೊಸ ಗುಳಿಯ ಪಕ್ಕ ಹಳೆಯದು ಬಾಯಿ ತೆರೆದುಕೊಂಡಿತ್ತು. ದನಿ ಮೊದಲಿಗಿಂತ ಸಣ್ಣದಾಗಿತ್ತು. ಚೇತನ ವಾಲ್ಯೂಮ್ ಮುಟ್ಟಲಿಲ್ಲ. ಗೋಡೆಯ ಪ್ಲಗ್ಗಿನ ಪಕ್ಕ ಮೂಲೆಯಲ್ಲಿ ಕೂತು ಮೀಟುತ್ತಲೇ ಇದ್ದ. ದೊಡ್ಡವ್ವ ಕಣ್ಣು ಮುಚ್ಚಿ ಸಾ ಹಿಡಿದಳು. ಉಸಿರು ಮುಗಿಯುವವರೆಗೂ ಬಿಡಲಿಲ್ಲ.

"ಅಲ್ಯಾಕ ಕುಂತಿಯೋ? ತಂಬೂರಿ ನನ್ನ ಬೆನ್ನಿಗಿರಬೇಕು. ಇತ್ತ ಬಾ."

"ವಾಯರ್ ಸಾಲಂಗಿಲ್ಲ ದೊಡ್ಡವ್ವ."

ಅವಳು ಒಮ್ಮೆ ಪ್ಲಗ್ಗು ನೋಡಿದಳು, ಒಮ್ಮೆ ಅವನನ್ನು. ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ಏಳ್ರೇ, ಗುರುಬಾಯಿ, ಎಲ್ಲಾರೂ ಏಳ್ರಿ. ಚಾಪಿ ಆ ಕಡೆ ಎಳೀರಿ."