ಒಲೆ ಹೊತ್ತಿಸುವ ಕೈ

ಅಮೆರಿಕದ ಎಡಿಸನ್ನಿನಲ್ಲಿ ಮೋನಪ್ಪನದೇ ಹೋಟೆಲು, ಆದರೆ ದಿನದ ಮೊದಲ ಒಲೆ ಹೊತ್ತಿಸುವ ಅಧಿಕಾರ ಮೋನಪ್ಪನಿಗಿರಲಿಲ್ಲ. ಯಹೂದಿಗಳೂ ಬಂದು ಉಣ್ಣಲಿ ಎಂದು ಬಾಗಿಲಿಗೆ ಕೋಷರ್, ಅಂದರೆ ಅವರ ಮಡಿಯ ಅಡುಗೆ, ಎಂಬ ಬೋರ್ಡು ಹಾಕಿಸಿಕೊಂಡಿದ್ದ. ಆಮೇಲೆ ಅವರ ನಿಯಮದಂತೆ ಬೆಂಕಿ ಯಹೂದಿಯ ಕೈಯಿಂದಲೇ ಹೊತ್ತಬೇಕು. ಬ್ಯಾಂಕುಗಳು ಮುಗುಚಿ, ಕೆಲಸ ಕಳೆದುಕೊಂಡ ನಮ್ಮವರು ಮನೆಯಲ್ಲೇ ಚಿತ್ರಾನ್ನ ಕಲಸಿಕೊಳ್ಳತೊಡಗಿದ ಚಳಿಗಾಲವದು. ಹೋಟೆಲು ಉಸಿರಾಡುತ್ತಿದ್ದುದೇ ಯಹೂದಿ ಗಿರಾಕಿಗಳಿಂದ. ಹಾಗಾಗಿ ಅವರ ವಿಶ್ರಾಂತಿಯ ಶನಿವಾರ ಬಿಟ್ಟು ದಿನಾ ಬೆಳಿಗ್ಗೆ ಫಿಶೆಲ್ ಎಂಬ ಎಪ್ಪತ್ತು ದಾಟಿದ ಮುದುಕ ಬಂದು, ಕಪ್ಪು ಟೋಪಿ ಸರಿಮಾಡಿಕೊಂಡು, ಗಂಭೀರವಾಗಿ ಲೈಟರ್ ಒತ್ತುತ್ತಿದ್ದ. ಮೋನಪ್ಪನ ಹೆಂಡತಿ ಚಂದ್ರಾವತಿ ಅವನಿಗೆ ಕಾಗದದ ಕಪ್ಪಿನಲ್ಲಿ ಕಾಫಿ ಕೊಡುತ್ತಿದ್ದಳು.

ಲೈಬ್ರರಿಯಲ್ಲಿ ಸರ್ವಧರ್ಮ ಶಾಂತಿಸಭೆ ನಡೆದಾಗ ಮೋನಪ್ಪ ಇಡ್ಲಿ ಕಳಿಸಿ, ತಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಒಬ್ಬೊಬ್ಬರೂ ತಂತಮ್ಮ ಧರ್ಮವೇ ಅಹಿಂಸೆಯ ತವರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಫಿಶೆಲ್ ಎದ್ದು ಸಭೆಯ ರುಚಿ ಕೆಡಿಸಿದ. "ನಮ್ಮಲ್ಲಿ ಹಾಗಿಲ್ಲ. ಯಾರಾದರೂ ಇನ್ನೊಬ್ಬನನ್ನು ಕೊಲ್ಲಲು ಅಟ್ಟಿಸಿಕೊಂಡು ಬಂದರೆ, ಬಂದವನನ್ನು ಹೊಡೆದಾದರೂ ತಡೆಯಬೇಕು, ಅದು ಕರ್ತವ್ಯ," ಅಂದ. ಮೋನಪ್ಪನಿಗೆ ಮೈ ಜುಮ್ಮೆಂದಿತು. ಗಂಡಸು ಅಂದರೆ ಇವನು! ಮುದುಕ ಮುಂದೆ ಇನ್ನೂ ಏನೋ ಹೇಳುತ್ತಿದ್ದ, ಆದರೆ ಅಷ್ಟರಲ್ಲಿ ಮೋನಪ್ಪ ಚಟ್ನಿ ನೋಡಲು ಎದ್ದು ಹೋಗಿದ್ದ.

ಖರ್ಚು ಉಳಿಸಲೆಂದು, ಆರು ವರ್ಷ ಪಾತ್ರೆ ತೊಳೆದ ಡೆನಿಸ್‌ನನ್ನು ಮೋನಪ್ಪ ಫೋನಿನಲ್ಲೇ ಕೆಲಸದಿಂದ ಬಿಡಿಸಿದ್ದ. ಜನವರಿಯ ಒಂದು ಬೆಳಿಗ್ಗೆ ಫಿಶೆಲ್ ಒಲೆ ಹೊತ್ತಿಸಿ ಕಾಫಿ ಹಿಡಿದಿದ್ದ, ಆಗ ಹಿಂಬಾಗಿಲನ್ನು ಒದ್ದುಕೊಂಡು ಡೆನಿಸ್ ಬಂದ. ಕೈಯಲ್ಲಿ ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆ, ಬಾಯಿ ತುಂಬ ಹೆಂಡದ ವಾಸನೆ. ಮೊದಲ ಏಟಿಗೆ ತಟ್ಟೆಗಳ ರಾಶಿ ಪುಡಿಯಾಯಿತು. ಎರಡನೆಯದಕ್ಕೆ ಹಿಟ್ಟಿನ ಪಾತ್ರೆ ಮಗುಚಿತು. ಚಂದ್ರಾವತಿ ಹೆದರುವ ಹೆಂಗಸಲ್ಲ. "ಡೆನಿಸ್, ಸ್ಟಾಪ್! ಕೂತ್ಕೋ, ಮಾತಾಡುವ," ಎನ್ನುತ್ತಾ ಎದುರಿಗೇ ಹೋದಳು. ಸಲಾಕೆ ಅವಳ ತಲೆಗೆ ಬಿತ್ತು. ಅವಳು ದೋಸೆ ಹಿಟ್ಟಿನ ಮೇಲೆ ಕುಸಿದಳು, ಬಿಳಿ ಹಿಟ್ಟಿನಲ್ಲಿ ರಕ್ತ ಹರಡಿತು. ಅದನ್ನು ಕಂಡ ಡೆನಿಸ್ ತಾನೇ ಕಿರುಚಿ, ಸಲಾಕೆ ಎಸೆದು ಹೊರಗೆ ಓಡಿದ.

ಮೋನಪ್ಪ ತೆಂಗಿನಕಾಯಿ ಒಡೆಯುತ್ತಿದ್ದ. ಕೈಯಲ್ಲಿ ಊರಿನಿಂದ ತಂದ ಕತ್ತಿಯಿತ್ತು. ಅದೇ ಕತ್ತಿ ಹಿಡಿದು, ಬಿದ್ದ ಹೆಂಡತಿಯನ್ನು ದಾಟಿಕೊಂಡು ಓಡಿದ. ಪಾರ್ಕಿಂಗ್ ಜಾಗದ ಐಸಿನ ಮೇಲೆ ಡೆನಿಸ್ ಜಾರಿ ಅಂಗಾತ ಬಿದ್ದಿದ್ದ. ಮೋನಪ್ಪ ಅವನ ಪಕ್ಕೆಗೆ ಒದ್ದ. ಮತ್ತೆ ಒದ್ದ. ಒಳಗೆ ಏನೋ ಲಟಕ್ಕೆಂದಿತು. ಆ ಶಬ್ದ ಮೋನಪ್ಪನಿಗೆ ಹಿತವಾಯಿತು, ಅದಕ್ಕೇ ಇನ್ನೊಮ್ಮೆ ಒದ್ದ. ಡೆನಿಸ್ ಬಾಯಿಂದ ರಕ್ತ ಉಗುಳುತ್ತಾ "ಪ್ಲೀಸ್, ಬಾಸ್" ಅಂದ. "ನಿನ್ನನ್ನು ಸಿಗಿದು ಹಾಕ್ತೇನೆ, ಬೇವರ್ಸಿ!" ಎಂದು ಮೋನಪ್ಪ ಎರಡೂ ಕೈಯಲ್ಲಿ ಕತ್ತಿ ಎತ್ತಿ ಅವನ ಕುತ್ತಿಗೆಗೆ ಬೀಸಿದ.

ಕತ್ತಿಗೂ ಕುತ್ತಿಗೆಗೂ ನಡುವೆ ಫಿಶೆಲ್‌ನ ಅಂಗೈ ಬಂತು.

ಅಲಗು ಎಲುಬಿನವರೆಗೆ ಇಳಿಯಿತು. ಮುದುಕ ಡೆನಿಸ್‌ನ ಮೇಲೇ ಮಂಡಿಯೂರಿ ಬಿದ್ದ, ಟೋಪಿ ಉರುಳಿಹೋಯಿತು. ಆದರೂ ಕತ್ತಿ ಬಿಡಲಿಲ್ಲ. "ಅವನ ಕೈ ಖಾಲಿ ಇದೆ ನೋಡು," ಅಂದ, ಹಲ್ಲು ಕಚ್ಚಿಕೊಂಡು. "ತಡೆಯುವ ಕೆಲಸ ಮುಗಿಯಿತು. ಇನ್ನು ಹೊಡೆದರೆ ಅದು ಕೊಲೆ. ಈಗ ಕೊಲ್ಲಲು ಅಟ್ಟಿಸಿಕೊಂಡು ಬಂದವನು ನೀನು, ನಾನು ತಡೆಯಬೇಕಾದ್ದು ನಿನ್ನನ್ನು."

ಆ ದಿನ ಸಭೆಯಲ್ಲಿ ಮೋನಪ್ಪ ಕೇಳದೆ ಎದ್ದುಹೋದ ಮಾತು ಇದೇ. ಅವನ ಕೈಯಿಂದ ಕತ್ತಿ ಜಾರಿತು.

ಆಂಬುಲೆನ್ಸುಗಳು ಗಾಯಗೊಂಡ ಮೂವರನ್ನೂ ಒಂದೇ ಆಸ್ಪತ್ರೆಗೆ ಒಯ್ದವು. ಪೊಲೀಸರು ಮೋನಪ್ಪನ ಹೇಳಿಕೆ ಬರೆದುಕೊಂಡು ಸದ್ಯಕ್ಕೆ ಬಿಟ್ಟರು. ಚಂದ್ರಾವತಿಯ ತಲೆಗೆ ಹೊಲಿಗೆ ಬಿತ್ತು, ಜೀವಕ್ಕೆ ಅಪಾಯವಿಲ್ಲ ಅಂದರು. ಫಿಶೆಲ್‌ನ ಬಲಗೈಯ ಎರಡು ಬೆರಳು ಇನ್ನು ಮಡಚುವುದು ಕಷ್ಟವಂತೆ. ಒಲೆ ಹೊತ್ತಿಸುವ ಕೈ! ಮೋನಪ್ಪ ಕಾರಿಡಾರಿನಲ್ಲೇ ಮುದುಕನ ಬೂಟು ಹಿಡಿದು ಅತ್ತುಬಿಟ್ಟ.

ಫಿಶೆಲ್ ಕಾಲು ಎಳೆದುಕೊಂಡ. "ಕೈ ನನ್ನದು, ಅದನ್ನು ಆಗಲೇ ಕ್ಷಮಿಸಿದೆ. ಆದರೆ ನೀನು ಬಿದ್ದವನ ಪಕ್ಕೆಲುಬು ಮುರಿದೆ. ಅದು ನನ್ನ ಪಕ್ಕೆಲುಬಲ್ಲ, ದೇವರದ್ದೂ ಅಲ್ಲ. ಯಾರನ್ನು ನೋಯಿಸಿದೆವೋ ಅವರನ್ನೇ ಕ್ಷಮೆ ಕೇಳಬೇಕು. ಕೊಡದಿದ್ದರೆ ಮೂರು ಸಲ ಕೇಳಬೇಕು, ನಮ್ಮಲ್ಲಿ ಹಾಗೆ."

"ನನ್ನ ಹೆಂಡತಿಯ ತಲೆ ಒಡೆದವನನ್ನು?"

"ಆಕೆಯನ್ನು ಅವನು ಕೇಳಬೇಕು. ಅದು ಅವನ ಪಾಡು. ನಿನ್ನದು ನೀನು ಮಾಡು."

"ಹಾಗಾದರೆ ನಾಳೆಯಿಂದ ನನ್ನ ಒಲೆ ಮುಟ್ಟಬೇಡ!" ಎಂದು ಕೂಗಿ ಮೋನಪ್ಪ ದಡದಡನೆ ಹೆಂಡತಿಯ ಕಡೆ ಹೊರಟ. ಆಸ್ಪತ್ರೆಯ ಪುಣ್ಯಾತ್ಮರು ಅವಳನ್ನೂ ಡೆನಿಸ್‌ನನ್ನೂ ಪಕ್ಕಪಕ್ಕದಲ್ಲೇ, ನಡುವೆ ಬರೀ ಪರದೆ ಎಳೆದು ಮಲಗಿಸಿದ್ದರು. ಒಂದು ಪರದೆ ಅರ್ಧ ತೆರೆದಿತ್ತು, ಹೊರಗೆ ಪೊಲೀಸಿನವನು ನಿಂತಿದ್ದ. ಡೆನಿಸ್‌ನ ಒಂದು ಕೈಯನ್ನು ಮಂಚಕ್ಕೆ ಬೇಡಿ ಹಾಕಿ ಬಿಗಿದಿದ್ದರು. ಮೋನಪ್ಪನನ್ನು ಕಂಡದ್ದೇ ಅವನು ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡು, ಪಕ್ಕೆಯ ನೋವಿಗೆ ನರಳುತ್ತಾ, ಮಂಚದ ಮೂಲೆಗೆ ಸರಿದ.

ತನ್ನನ್ನು ಕಂಡು ಯಾರಾದರೂ ಹಾಗೆ ಹೆದರಿದ್ದನ್ನು ಮೋನಪ್ಪ ನೋಡಿರಲಿಲ್ಲ. ನಾಚಿಕೆಯಾಯಿತು. "ಐ ಆಮ್ ಸಾರಿ, ಡೆನಿಸ್," ಅಂದ. ಡೆನಿಸ್ ಮುಖದಿಂದ ಕೈ ತೆಗೆಯಲಿಲ್ಲ.

ಪಕ್ಕದ ಪರದೆ ಸರಿಸಿ ಒಳಗೆ ಹೋದಾಗ ಚಂದ್ರಾವತಿ ಎಚ್ಚರವಾಗಿಯೇ ಇದ್ದಳು.

"ಅವನ ಹತ್ರ ಸಾರಿ ಕೇಳಿದ್ರಿ ಅಲ್ವಾ?"

"ಹೌದು. ಫಿಶೆಲ್ ಹೇಳಿದ. ನಿನಗೆ ಬೇಜಾರಾಯ್ತಾ?"

"ಇಲ್ಲ. ಕೇಳ್ಬೇಕಾದ್ದೇ." ಅವಳು ಹೊದಿಕೆ ಎಳೆದುಕೊಂಡಳು. "ನಾನು ನೆಲದಲ್ಲಿ ಬಿದ್ದಿದ್ದೆ. ಕಣ್ಣು ತೆರೆದೇ ಇತ್ತು. ನೀವು ನನ್ನನ್ನು ದಾಟಿಕೊಂಡು ಹೋದ್ರಿ. ಬಗ್ಗಿ ಕೂಡಾ ನೋಡ್ಲಿಲ್ಲ ಮಾರಾಯ್ರೆ."

ಮೋನಪ್ಪ ಮಂಚದ ಪಕ್ಕದಲ್ಲಿ ಬಗ್ಗಿದ.

"ತಪ್ಪಾಯ್ತು ಚಂದ್ರಾ," ಅಂದ.

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮೋನಪ್ಪ ಸ್ಟೂಲು ಎಳೆದುಕೊಂಡು ಅವಳ ಬೆನ್ನಿಗೆ ಎದುರಾಗಿ ಕೂತ. ಇನ್ನೂ ಎರಡು ಸಲ ಕೇಳುವುದಿತ್ತು.