ಎಣ್ಣೆ ಬಿರಿತಾಳದು

ಬೈಕಿನ ಜೊತೆ ಒಂದು ಕೈಪಿಡಿ ಬಂತು. ಎಡವಟ್ಟಾಗಿದ್ದು ಅಲ್ಲೇ. ಅದನ್ನು ಒಲೆಗೆ ಹಾಕಿದ್ದರೆ ತಾಂಗವೀಕ್ ಊರಿನವರು ಎಲ್ಲರಂತೆ ಕೀಲಿ ತಿರುಗಿಸಿ, ಹೊಗೆ ಬಿಟ್ಟುಕೊಂಡು ಗುಡ್ಡ ಹತ್ತಿರುತ್ತಿದ್ದರು. ಆದರೆ ಎಡ್ಮುಂಡ್ ಮೇಷ್ಟ್ರು ಅದನ್ನು ಮೊದಲಿಂದ ಕೊನೆಯವರೆಗೆ ಓದಿದರು. ನಿವೃತ್ತರಾದ ಮೇಷ್ಟ್ರ ಕೈಗೆ ಓದಲು ಏನನ್ನೂ ಕೊಡಬಾರದು.

ಬೈಕು ಎಂದರೆ ನಾಲ್ಕು ದಪ್ಪ ಚಕ್ರದ್ದು, ಕೆಸರು, ಕಲ್ಲು, ಹಳ್ಳ ಯಾವುದಕ್ಕೂ ಜಗ್ಗದೆ ಹತ್ತುವಂಥದ್ದು. ಫಾರೋ ದ್ವೀಪಗಳಲ್ಲಿ ಕುರಿ ಇರುವ ಊರಿಗೆಲ್ಲ ಈಗ ಅದು ಬೇಕು. ತಾಂಗವೀಕಿನವರಿಗೆ ಬೇಕಾದದ್ದು ಮಾತ್ರ ಯಾಸ್ಪುರನ ಮಂಡಿಯ ಸಲುವಾಗಿ. ಯಾಸ್ಪುರ ಮೂವತ್ತೊಂದು ವರ್ಷದಿಂದ ಊರಿನ ಕುರಿಯಜಮಾನ. ಅಕ್ಟೋಬರಿನಲ್ಲಿ ಗುಡ್ಡದ ಕುರಿಗಳನ್ನೆಲ್ಲ ಒಟ್ಟುಮಾಡಿ ದೊಡ್ಡಿಗೆ ಇಳಿಸುವ ದಿನ, ಯಜಮಾನನಾದವನು ಎಲ್ಲರಿಗಿಂತ ಮೊದಲು ಗುಡ್ಡದ ನೆತ್ತಿಯ ಮೇಲೆ ನಿಂತು ಕೂಗು ಹಾಕಬೇಕು. ಹೋದ ವರ್ಷ ಅವನು ಅರ್ಧ ದಾರಿಯಲ್ಲೇ ಕೂತುಬಿಟ್ಟ, ಅಲ್ಲಿಂದಲೇ ಕೂಗು ಹಾಕಿದ. ಮಂಡಿಗೆ ಆಪರೇಷನ್ ಆಯಿತು. ಊರ ಸಭೆ ಮರ್ಯಾದೆಯಿಂದಲೇ ಹೇಳಿತು: ಬೈಕು ಕೊಳ್ಳೋಣ, ಈ ಸಲ ನೆತ್ತಿ ಮುಟ್ಟಿದರೆ ಯಜಮಾನಿಕೆ ನಿನ್ನದೇ, ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ. ಯಾಸ್ಪುರನಿಗೆ ಹಾಡು ಬಾರದು, ಇಸ್ಪೀಟು ಬಾರದು, ದೋಣಿ ಹತ್ತಿದರೆ ವಾಂತಿ. ಯಜಮಾನಿಕೆ ಹೋದರೆ ಈ ಊರಿನಲ್ಲಿ ತಾನು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ.

ಊರಿನಲ್ಲಿ ಹತ್ತು ಮನೆ, ಗುಡ್ಡಕ್ಕೆ ಹತ್ತು ಪಾಲು. ದೊಡ್ಡಿಯ ಕಲ್ಲುಗೋಡೆಯನ್ನೂ ಅಜ್ಜಂದಿರ ಕಾಲದಲ್ಲೇ ಅಳೆದು ಹಂಚಿಕೊಂಡಿದ್ದಾರೆ. ಒಬ್ಬನ ಪಾಲಿನ ಕಲ್ಲು ಬಿದ್ದರೆ ಅವನೇ ಎತ್ತಿಡಬೇಕು. ಪಕ್ಕದ ಮನೆಯವನು ಅದನ್ನು ದಾಟಿಕೊಂಡು ಹೋಗುತ್ತಾನೆಯೇ ಹೊರತು ಮುಟ್ಟುವುದಿಲ್ಲ. ಮುಟ್ಟಿದರೆ ಅದು ಸಹಾಯವಲ್ಲ, ಅವಮಾನ. ಇಂಥ ಜನರ ಮುಂದೆ ಮೇಷ್ಟ್ರು ಕೈಪಿಡಿ ಬಿಚ್ಚಿದರು.

“ಹತ್ತೋಕೆ ಮುಂಚೆ ನೋಡ್ಬೇಕಾದ್ದು ಒಂಬತ್ತು. ನಾಲ್ಕು ಟೈರಿನ ಗಾಳಿ, ಎಂಜಿನ್ ಎಣ್ಣೆ, ಗಾಳಿ ಸೋಸೋ ಸ್ಪಂಜು, ಬ್ರೇಕು, ಚೈನು, ಬ್ಯಾಟರಿ. ಯಾಸ್ಪುರ ಓಡಿಸ್ತಾನೆ. ಉಳಿದ ಮನೆ ಒಂಬತ್ತು. ದೇವರೇ ಕೂತು ಲೆಕ್ಕ ಹಾಕ್ದಂಗಿದೆ.”

“ಒಬ್ರೇ ಎಲ್ಲಾ ನೋಡಿದ್ರೆ ಆಗಲ್ವಾ ಮೇಷ್ಟ್ರೆ?” ಎಂದಳು ಸನ್ನಾ.

“ಆಗುತ್ತಮ್ಮ. ಆಮೇಲೆ ಬೈಕು ಯಾರ್ದಾಗುತ್ತೆ?”

ಯಾವ ಮನೆಗೆ ಯಾವ ಪಾಲು ಎಂದು ಚೀಟಿ ಎತ್ತಿದರು.

ಆ ಬೇಸಿಗೆಯಲ್ಲಿ ತಾಂಗವೀಕಿನ ಬೈಕಿಗೆ ಆದ ಆರೈಕೆ ಜಗತ್ತಿನ ಯಾವ ಬೈಕಿಗೂ ಆಗಿರಲಾರದು. ಮುಂದಿನ ಎಡ ಟೈರು ತುಮ್ಮಾಸನಿಗೆ ಬಂತು. ಗಾಳಿ ಕಮ್ಮಿ ಇರಬೇಕು, ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗಿರಬೇಕು ಎಂದು ಕೈಪಿಡಿ ಹೇಳುತ್ತದೆ. ತನ್ನ ಟೈರು ಮೆತ್ತಗಿದೆ ಎನ್ನಿಸಿಕೊಳ್ಳುವುದು ತುಮ್ಮಾಸನಿಗೆ ಸರಿಬರಲಿಲ್ಲ, ಬಿಗಿಯಾಗಿ ತುಂಬಿದ. ಮಾರನೆಯ ದಿನ ಬಲ ಟೈರಿನವನೂ ತುಂಬಿದ. ಮೂರು ವಾರ ಯಾಸ್ಪುರ ಹೊಸ ಮಂಡಿ ಇಟ್ಟುಕೊಂಡು ಚೆಂಡಿನ ಮೇಲೆ ಕೂತವನಂತೆ ಪುಟಿದ. ಎಲ್ಸ್‌ಪಾ ಸ್ಪಂಜನ್ನು ಚರ್ಚಿಗೆ ಹಾಕುವ ಸ್ವೆಟರಿನ ಸೋಪಿನಲ್ಲೇ ಒಗೆದು, ತಂತಿಗೆ ಒಣಹಾಕಿ, ಹಸುಗೂಸಿನ ತಲೆಗೆ ಒತ್ತುವಂತೆ ಎಣ್ಣೆ ಒತ್ತುತ್ತಿದ್ದಳು. ಬ್ಯಾಟರಿಗೆ ಚಳಿ ಆಗದು ಎಂದು ಓದಿದ ದಾನ್ಯಲ್ ಅದನ್ನು ಬಿಚ್ಚಿಕೊಂಡು ಹೋಗಿ ತನ್ನ ಮಂಚದ ಪಕ್ಕ ಇಟ್ಟುಕೊಂಡ. ಬ್ರೇಕು ಸನ್ನಾಳ ಗಂಡ ಹೆಂಡ್ರಿಕನದು. ಅವನಿರುವುದು ಗ್ರೀನ್‌ಲ್ಯಾಂಡಿನ ಆಚೆ, ಮೀನುಹಡಗಿನ ಅಡುಗೆಮನೆಯಲ್ಲಿ. ಪ್ರತಿ ಸಲವೂ ಸನ್ನಾ ಚಕ್ರದ ಹತ್ತಿರ ಫೋನು ಹಿಡಿಯಬೇಕು, ಅವನು ಅಲ್ಲಿಂದ ಕೇಳಿಸಿಕೊಂಡು “ಹೂಂ, ಹಿಡೀತಿದೆ” ಎನ್ನಬೇಕು.

ಎಣ್ಣೆ ಬಿರಿತಾಳ ಪಾಲಿಗೆ ಬಂತು.

ಬಿರಿತಾ ಮತ್ತು ಯಾಸ್ಪುರ ಮಾತಾಡದೆ ಹತ್ತೊಂಬತ್ತು ವರ್ಷ. ಇಲ್ಲಿ ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಆ ಮನೆಯ ಗುರುತಿಗೆ ಕತ್ತರಿಸಿದ ಕಚ್ಚು ಇರುತ್ತದೆ. ಅದನ್ನು ಓದಿ ಯಾರದೆಂದು ಹೇಳುವುದೇ ಯಜಮಾನನ ಮುಖ್ಯ ಕೆಲಸ. ಆ ವರ್ಷ ಒಂದು ದೊಡ್ಡ ಟಗರಿನ ಕಿವಿ ಹಿಡಿದು ಯಾಸ್ಪುರ “ಊರೊಟ್ಟಿಂದು” ಎಂದ. “ನಂದು” ಎಂದಳು ಬಿರಿತಾ. ಯಜಮಾನನ ಮಾತೇ ಕೊನೆ. ಟಗರನ್ನು ಕಡಿದು ಊರೆಲ್ಲ ಉಂಡಿತು. ಬಿರಿತಾ ಬೇಸಿಗೆಯುದ್ದಕ್ಕೂ ಬಂದು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, ತನ್ನ ನಾಯಿ ಟೋಕಿಯ ಹತ್ತಿರ ಏನೋ ಗೊಣಗಿ ಹೋಗುತ್ತಿದ್ದಳು. ಕುರಿ ಇಳಿಸುವ ದಿನ ಬೆಳಿಗ್ಗೆ ಬರಲಿಲ್ಲ.

ಏಳು ಗಂಟೆಗೆ ಎಂಟು ಪಾಲು ಮುಗಿದವು. ಏಳೂವರೆಗೆ ಫ್ಲಾಸ್ಕಿನ ಕಾಫಿ ಮುಗಿಯಿತು. ಗುಡ್ಡದ ಸೊಂಟಕ್ಕೆ ಮಂಜು ಇಳಿಯತೊಡಗಿತು.

“ಯಾರಾದ್ರೂ ಆ ಕಡ್ಡಿ ಎಳೆದು ನೋಡ್ರೋ,” ಎಂದ ಯಾಸ್ಪುರ.

“ನಾನ್ ಅವಳ ಎಣ್ಣೆ ಮುಟ್ಟಿದ್ರೆ ನಾಳೆ ಅವಳು ನನ್ ಟೈರ್ ಮುಟ್ತಾಳೆ,” ಎಂದ ತುಮ್ಮಾಸ್. “ಮನೆ ಮನೆ ನಡುವೆ ಬೆಂಕಿ ಹಚ್ಬೇಡ ಮಾರಾಯ. ಹೋಗಿ ಕೇಳು.”

ಯಾಸ್ಪುರ ಕುಂಟುತ್ತ ಹೋದ. ಬಿರಿತಾ ಅಡುಗೆಮನೆಯಲ್ಲಿ ಕೋಟು, ಬೂಟು, ಟೋಪಿ ಎಲ್ಲ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು.

“ಟೋಕಿ, ಬಾಗಿಲಲ್ಲಿ ನಿಂತಿರೋರಿಗೆ ಏನ್ ಬೇಕಂತೆ ಕೇಳು.”

ಯಾಸ್ಪುರ ನಾಯಿಯ ಕಡೆ ತಿರುಗಿದ. “ಎಣ್ಣೆ ನೋಡ್ಬೇಕಿತ್ತಂತೆ, ಹೇಳು.”

“ಜುಲೈಯಿಂದ ನಾನ್ ನಿನ್ ಹತ್ರ ಏನ್ ಹೇಳ್ತಾ ಬಂದಿದೀನೋ ಅದನ್ನ ಆ ಮನುಷ್ಯ ಕೇಳಿಸ್ಕೊಂಡಿದಾರಾ, ಕೇಳು.”

“ನಾಯಿ ಹತ್ರ ಹೇಳಿದ್ದು ನಂಗ್ ಹೆಂಗ್ ಗೊತ್ತಾಗ್ಬೇಕು!”

ನಾಯಿ ಇಬ್ಬರನ್ನೂ ನೋಡಿ ಬೇಸತ್ತು ಎದ್ದು ಹೊರಗೆ ಹೋಯಿತು. ಈಗ ನಡುವೆ ಯಾರೂ ಇರಲಿಲ್ಲ. ಬಿರಿತಾ ಮೊದಲ ಸಲ ಅವನ ಮುಖ ನೋಡಿದಳು.

“ಟಗರು ನಂದು ಅಂತ ಎಲ್ಲರ ಮುಂದೆ ಹೇಳು ಯಾಸ್ಪುರ. ಬಂದು ಎಣ್ಣೆ ನೋಡ್ತೀನಿ.”

ಯಾಸ್ಪುರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೇಳದಿದ್ದರೆ ಬೈಕು ಏರುವಂತಿಲ್ಲ, ಯಜಮಾನಿಕೆ ಹೋಗುತ್ತದೆ. ಹೇಳಿದರೆ ಕಿವಿ ತಪ್ಪು ಓದಿದವನಾಗುತ್ತಾನೆ. ಯಜಮಾನನ ಮಂಡಿ ಹೋದರೆ ಊರು ಬೈಕು ಕೊಂಡೀತು. ಕಿವಿ ತಪ್ಪು ಓದಿದವನಿಗೆ ಕೊಡಿಸಲು ಯಾವ ಅಂಗಡಿಯಲ್ಲೂ ಏನೂ ಇಲ್ಲ. ಎರಡು ಕಡೆಯೂ ಒಂದೇ ಹಳ್ಳ.

ಆದರೆ ನಿಜ ಅವನಿಗೆ ಗೊತ್ತಿತ್ತು. ಊಟವಾದ ಮೂರನೆಯ ದಿನ ಟಗರಿನ ತಲೆಯನ್ನು ಕೈಗೆತ್ತಿಕೊಂಡಾಗ ಬೆರಳಿಗೆ ಬಿರಿತಾಳ ಕಚ್ಚು ಸಿಕ್ಕಿತ್ತು. ಕಣ್ಣಿಗೆ ಕಂಡಿರಲಿಲ್ಲ, ಅಷ್ಟೇ. ಹತ್ತಿರದ್ದು ಕಾಣುವುದು ಆಗಲೇ ಮಸುಕಾಗಿತ್ತು. ಕನ್ನಡಕ ಹಾಕಿದ ಯಜಮಾನನನ್ನು ಯಾರು ನಂಬುತ್ತಾರೆ ಎಂದು ಹೆದರಿ ಸುಮ್ಮನಾಗಿದ್ದ. ಅಂದಿನಿಂದ ಕಿವಿಗಳನ್ನೆಲ್ಲ ಬೆರಳಿನಲ್ಲೇ ಓದುತ್ತಿದ್ದ. ಹತ್ತೊಂಬತ್ತು ವರ್ಷ ಆ ನಾಚಿಕೆಯನ್ನು ಹೊತ್ತು ಅವನಿಗೆ ಸಾಕಾಗಿತ್ತು.

ಅವನು ತಿರುಗಿ ನಡೆದ. ಹಿಂದೆಯೇ ಅವಳ ಬೂಟಿನ ಸದ್ದು ಬಂತು. ಬೈಕಿನ ಮುಂದೆ ನಿಂತು, ತಲೆ ಬಗ್ಗಿಸದೆ, ಗಟ್ಟಿಯಾಗಿ ಹೇಳಿದ:

“ಆ ಟಗರು ಬಿರಿತಾದು. ನಾನ್ ತಪ್ಪು ಓದಿದೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ.”

ಸನ್ನಾಳ ಕೈಯಲ್ಲಿದ್ದ ಫೋನು ಕೂಗಿತು: “ಏನಾಯ್ತೇ? ಯಾಕೆಲ್ಲ ಸುಮ್ನಾದ್ರಿ? ಬ್ರೇಕ್ ಹೋಯ್ತಾ?”

“ಇಲ್ಲ. ಆ ಟಗರು ಬಿರಿತಾದಂತೆ.”

“ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ? ಚೆನ್ನಾಗಿತ್ತು ಬಿಡು, ನಾನು ಎರಡು ಸಲ ಹಾಕಿಸ್ಕೊಂಡಿದ್ದೆ.”

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಮೇಷ್ಟ್ರು ಕೆಮ್ಮಿ, ಕಿವಿ ತಪ್ಪು ಓದಿದವನು ಯಜಮಾನನಾಗಿ ಮುಂದುವರಿಯುವಂತಿಲ್ಲ, ಅದು ಗುಡ್ಡದ ಕಟ್ಟಳೆ ಎಂದರು. ಹೇಳುವಾಗ ಅವರ ಮುಖ ಬಾಡಿತ್ತು. ಮಂಜು ಇಳಿಯುತ್ತಿದ್ದುದರಿಂದ ಹೊಸ ಯಜಮಾನಿಕೆ ಯಾರಿಗೆಂದು ಅಲ್ಲೇ ಕೈ ಎತ್ತಿಸಿದರು. ಆ ಕಿವಿಯನ್ನು ಅಂದೇ ಸರಿಯಾಗಿ ಓದಿ, ಓದಿದ್ದನ್ನು ಬಾಯಿಬಿಟ್ಟು ಹೇಳಿದ್ದವಳು ಬಿರಿತಾ ಒಬ್ಬಳೇ. ಒಂಬತ್ತು ಕೈ ಮೇಲೆದ್ದವು, ಫೋನಿನಲ್ಲಿದ್ದವನದೂ ಸೇರಿ. ಅದರಲ್ಲೊಂದು ಯಾಸ್ಪುರನದು.

“ಯಜಮಾನರ ಮನೆಗೆ ಬೈಕಿನ ಪಾಲು ಇರಲ್ಲ,” ಎಂದಳು ಯಜಮಾನಿ ಬಿರಿತಾ. “ಹಂಗಾದ್ರೆ ಎಣ್ಣೆ ನಿಂದು. ನೋಡು.”

ಯಾಸ್ಪುರ ಕಡ್ಡಿ ಎಳೆದ. “ಒರೆಸಿ ಮತ್ತೆ ಅದ್ದು,” ಎಂದಳು. ಒರೆಸಿ ಅದ್ದಿದ. ಮೂಗಿನ ಹತ್ತಿರ ಹಿಡಿದ, ತೋಳು ಚಾಚಿ ದೂರ ಹಿಡಿದ. ಕೊನೆಗೆ ಅಭ್ಯಾಸಬಲದಿಂದ ಬೆರಳು ಆಡಿಸಿದ. ಬಿರಿತಾ ಅದನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಜೇಬಿನಿಂದ ತನ್ನ ಓದುವ ಕನ್ನಡಕ ತೆಗೆದು ಅವನ ಮೂಗಿಗೆ ತಾನೇ ಸಿಕ್ಕಿಸಿದಳು.

ಯಾಸ್ಪುರ ಕಡ್ಡಿಯನ್ನು ಬಹಳ ಹೊತ್ತು ನೋಡಿದ.

“ಕೆಳಗಿನ ಗೆರೆಗೂ ಕೆಳಗಿದೆ. ಹಿಂಗೇ ಹತ್ತಿದ್ರೆ ಎಂಜಿನ್ ಸುಟ್ಟುಹೋಗ್ತಿತ್ತು.”

“ಅದನ್ನೇ ಜುಲೈಯಿಂದ ಹೇಳ್ತಿದ್ದೆ.”

ಎಣ್ಣೆ ತುಂಬೋಣ ಎಂದರೆ ಡಬ್ಬಿ ಯಾರ ಮನೆಯಲ್ಲೂ ಇರಲಿಲ್ಲ. ಚೀಟಿಯಲ್ಲಿ ಇದ್ದದ್ದು ನೋಡುವ ಕೆಲಸ. ತರುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ. ಒಂಬತ್ತು ಮನೆ ಬೇಸಿಗೆಯಿಡೀ ತಿಕ್ಕಿ ತೀಡಿದ ಬೈಕು ಅಂಗಳದಲ್ಲೇ ನಿಂತಿತು. ಜನ ಬೈದುಕೊಂಡು, ನಗಾಡಿಕೊಂಡು ನಡೆದೇ ಹತ್ತಿದರು. ಎಲ್ಲರಿಗಿಂತ ಮುಂದೆ ಬಿರಿತಾ. ಎಪ್ಪತ್ತಾದರೂ ಅವಳ ಮಂಡಿ ಗಟ್ಟಿಮುಟ್ಟಾಗಿತ್ತು.

ಯಾಸ್ಪುರ ದೊಡ್ಡಿಯ ಬಾಗಿಲು ಕಾಯಲು ಕೆಳಗೆ ಉಳಿದ. ನೆತ್ತಿಯಿಂದ ಕೂಗು ಕೇಳಿದಾಗ ಅವನು ತಲೆಯೆತ್ತಿ ಮಂಜಿನತ್ತ ನೋಡಿದ. ತನ್ನದಲ್ಲದ ಕೂಗನ್ನು ಕೆಳಗೆ ನಿಂತು ಕೇಳಿದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಹನ್ನೊಂದರ ಹೊತ್ತಿಗೆ ಮಂಜಿನೊಳಗಿಂದ ಕುರಿಗಳು ಇಳಿದು ಬಂದವು. ದೊಡ್ಡಿ ತುಂಬಿತು.

ಕಿವಿ ಓದುವ ಹೊತ್ತಾಯಿತು. ಯಾಸ್ಪುರ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಬಿರಿತಾ ಒಂದು ಎಳೆ ಟಗರನ್ನು ಕೊಂಬು ಹಿಡಿದು ಎಳೆದುಕೊಂಡು ನೇರ ಅವನ ಹತ್ತಿರ ಬಂದು ನಿಂತಳು. ಅವನು ಕನ್ನಡಕ ತೆಗೆದು ಅವಳತ್ತ ಚಾಚಿದ.

“ತಗೋ, ನಿಂಗೆ ಬೇಕಾಗುತ್ತೆ.”

“ನೀನೇ ಹಾಕ್ಕೋ,” ಎಂದಳು ಬಿರಿತಾ. “ಯಜಮಾನಿ ನಾನು. ಯಾರ್ ಕೈಲಿ ಓದಿಸ್ಬೇಕು ಅನ್ನೋದು ನನ್ನಿಷ್ಟ. ಇದ್ಯಾರ್ದು?”

ಊರೆಲ್ಲ ನೋಡುತ್ತಿತ್ತು. ಯಾಸ್ಪುರ ಕನ್ನಡಕ ಮತ್ತೆ ಏರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದ. ಕಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣಿನಲ್ಲಿ ನೀರು ತುಂಬಿ ಅದು ಮಸುಕಾಗುವ ಮೊದಲೇ ಅವನು ಹೇಳಿದ:

“ನಿಂದು.”