ಈ ಸಲದ ತಂಡ ಗಟ್ಟಿಯಿದೆ

ರೆಕ್ಸ್ ಪೆಂಗಿಲಿ ಸುಳ್ಳು ಹೇಳುವವನಲ್ಲ ಎಂಬುದು ಪೋರ್ಟ್ ಹ್ಯಾಲೆಟ್‌ನಲ್ಲಿ ಎಲ್ಲರೂ ಒಪ್ಪಿದ್ದ ಮಾತು. ಕುರಿ ಮಾರುವಾಗ ಅದರ ಕುಂಟುಕಾಲನ್ನು ಅವನೇ ಮೊದಲು ತೋರಿಸುತ್ತಿದ್ದ. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಅವನನ್ನು ಕೋಚ್ ಮಾಡಿದ್ದೂ ಅದಕ್ಕೇ. ಸೋತ ದಿನ ಸೋತೆವು ಎನ್ನುತ್ತಿದ್ದ. ತಪ್ಪನ್ನು ಅಂಪೈರನ ತಲೆಗೆ ಕಟ್ಟುತ್ತಿರಲಿಲ್ಲ.

ಅಂಥವನು ಆ ವರ್ಷ ಮಾರ್ಚ್ ತಿಂಗಳಲ್ಲಿ, ಊರಿಗೆ ಊರೇ ಕೂತಿದ್ದ ಸಭೆಯಲ್ಲಿ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ.

ನಮ್ಮದು ಸಮುದ್ರದಂಚಿನ ಸಣ್ಣ ಊರು. ಬೆನ್ನಿಗೆ ಬಾರ್ಲಿ ಹೊಲ, ಎದುರಿಗೆ ಏಡಿ ಹಿಡಿಯುವವರ ಕಟ್ಟೆ. ಬ್ಯಾಂಕು ಮುಚ್ಚಿತ್ತು, ಶಾಲೆ ಮುಚ್ಚಿತ್ತು, ಮಕ್ಕಳು ಬಸ್ಸಿನಲ್ಲಿ ಪಕ್ಕದ ಊರು ವಿಲ್ಲಾರಿಗೆ ಹೋಗುತ್ತಿದ್ದರು. ಉಳಿದಿದ್ದು, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ನಮ್ಮ ಕಡೆಯ ಫುಟ್‌ಬಾಲಿನ ಈ ಕ್ಲಬ್ಬು ಒಂದೇ. ಅದೂ ಹಿಂದಿನ ಸೀಸನ್ನಿನಲ್ಲಿ ಕೊನೆಯ ಸ್ಥಾನಕ್ಕೆ ಇಳಿದಿತ್ತು. ಅಧ್ಯಕ್ಷೆ ಬೆವ್ ಶುಲ್ಟ್ಸ್ ಬೇಸಿಗೆಯಿಡೀ ವಿಲ್ಲಾರಿಗೆ ಓಡಾಡಿ ಅವರ ಕ್ಲಬ್ಬಿನೊಂದಿಗೆ ಒಂದು ಒಪ್ಪಂದ ಕುದುರಿಸಿದ್ದಳು. ಎರಡೂ ಕ್ಲಬ್ಬುಗಳು ಒಂದಾಗುವುದು, ಎರಡೂ ಹೆಸರು ಉಳಿಯುವುದು, ಅಂಗಿಯಲ್ಲಿ ಅರ್ಧ ನಮ್ಮ ಕೆಂಪು, ಅರ್ಧ ಅವರ ನೀಲಿ, ಅರ್ಧದಷ್ಟು ಪಂದ್ಯಗಳು ನಮ್ಮ ಮೈದಾನದಲ್ಲೇ. ನಮ್ಮ ಸದಸ್ಯರು ಕೈ ಎತ್ತಿ ಹೂಂ ಅನ್ನುವುದೊಂದೇ ಬಾಕಿಯಿತ್ತು.

ಸಭೆಗೆ ಕೆಲವು ದಿನ ಮುಂಚೆ ಬೆವ್ ಅಭ್ಯಾಸದ ಹೊತ್ತಿಗೆ ಮೈದಾನಕ್ಕೆ ಬಂದಳು. ರೆಕ್ಸ್ ಬೇಲಿಗೆ ಒರಗಿ ನಿಂತಿದ್ದ.

"ಭಾನುವಾರ ನೀನೇ ಮಾತಾಡ್ಬೇಕು ರೆಕ್ಸ್. ನಾನು ಹೇಳಿದ್ರೆ 'ಬೆವ್ ಊರು ಮಾರ್ತಿದಾಳೆ' ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಈಗ ನಂಗೊಂದ್ಸಲ ಹೇಳು. ಹೆಂಗಿದೆ ತಂಡ? ಸಮಾಧಾನದ ಮಾತು ಬೇಡ, ಇರೋದನ್ನ ಇದ್ದಂಗೆ ಹೇಳು."

"ಎಲ್ಲಿದೆ ತಂಡ?" ಎಂದ ರೆಕ್ಸ್. "ಅಂಗಳಕ್ಕಿಳಿಯೋಕೆ ಹದಿನೆಂಟು ಜನ ಬೇಕು. ಎಣಿಸ್ಕೋ. ಅಲ್ಲಿ ಸೊಂಟ ಹಿಡ್ಕೊಂಡು ನಿಂತಿದಾನಲ್ಲ, ಮಿಕ್ ಟ್ರೆನಾರ್ಡನ್. ಕೈಗೆ ಬಂದ ಚೆಂಡು ಬಿಡೋನಲ್ಲ. ಆದ್ರೆ ಚೆಂಡೇ ಅವನ ಹತ್ರ ಬರ್ಬೇಕು, ಅವನಂತೂ ಹೋಗಲ್ಲ. ನಡುವೆ ನಿಂತು ಎಗರಿ ಚೆಂಡು ತಟ್ಟೋಕೆ ಒಬ್ಬ ಉದ್ದದವನು ಬೇಕು. ಇದ್ದೋನು ಅಡಿಲೇಡ್‌ಗೆ ಕೆಲ್ಸಕ್ಕೆ ಹೋದ. ಈಗಿರೋನು ನನ್ ಭುಜಕ್ಕೆ ಬರ್ತಾನೆ."

"ಗೋಲ್ ಹೊಡೆಯೋನು ಇದಾನಲ್ಲ?"

"ಇದಾನೆ. ಪಾಪ, ಒಳ್ಳೇ ಗುರಿ. ಅಲ್ಲೀವರ್ಗೂ ಚೆಂಡು ತಲುಪಿಸೋರು ಯಾರು? ಪೋಸ್ಟ್‌ನಲ್ಲಿ ಕಳಿಸ್ಬೇಕು."

ಬೆವ್ ನಕ್ಕಳು. ಆಮೇಲೆ, "ಡ್ಯಾರಿಲ್‌ನ ವಾಪಸ್ ಕರೀಬೇಕು ಅಂತಿದಾರೆ ಕೆಲವರು" ಎಂದಳು.

ಡ್ಯಾರಿಲ್ ಓಬ್ಸ್ಟ್ ನಮ್ಮ ಹಳೆಯ ಕ್ಯಾಪ್ಟನ್. ಕುರಿಯ ಉಣ್ಣೆ ಕತ್ತರಿಸುವುದು ಅವನ ಕಸುಬು. ಆಟ ಬಿಟ್ಟು ಎರಡು ವರ್ಷವಾಗಿತ್ತು.

"ಬೇಡ್ವೇ ಬೇಡ" ಎಂದ ರೆಕ್ಸ್. "ಅವನ ಮಂಡಿ ಮುಗ್ದಿದೆ. ಕುರಿ ಬಿಟ್ಟು ಮೇಲೇಳೋಕೆ ಗೋಡೆ ಹಿಡೀತಾನೆ, ನಾನೇ ನೋಡಿದೀನಿ. ಅವನ್ನ ಇಳಿಸೋದು ಪಾಪ."

"ಇಷ್ಟನ್ನೂ ಹಿಂಗೇ ಹೇಳು ಭಾನುವಾರ" ಎಂದಳು ಬೆವ್. ರೆಕ್ಸ್ ಆಗಲಿ ಎಂದ. ಹೇಳುವುದೆಂದೇ ಅವನು ನಿಶ್ಚಯಿಸಿದ್ದ.

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಹಾಲ್ ತುಂಬಿತ್ತು. ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುವಿಹಾಕುತ್ತಿದ್ದವು. ಗೋಡೆಯ ತುಂಬ ಗೆದ್ದ ವರ್ಷಗಳ ಫೋಟೋಗಳು. ಅವುಗಳಲ್ಲಿದ್ದ ಹುಡುಗರ ಪೈಕಿ ಬದುಕಿದ್ದವರು ಕೆಳಗೆ ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಕ್ಲ್ಯಾರಿ ನ್ಯಾನ್‌ಕಿವೆಲ್, ಊರಿಗೇ ಹಿರಿಯ, ಆ ಸೆಕೆಯಲ್ಲೂ ಕೊರಳಿಗೆ ಕೆಂಪು ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡಿದ್ದ.

ರೆಕ್ಸ್ ಎದ್ದು ನಿಂತು, "ಈ ಸಲ ನಮ್ಮ ತಂಡ..." ಎಂದು ಶುರು ಮಾಡಿ ತಡವರಿಸಿದ. ಕ್ಲ್ಯಾರಿ ಕಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗಿದ. ಡಾಕ್ಟರ ಬಾಯನ್ನೇ ನೋಡುವ ರೋಗಿಯ ಮನೆಯವರ ಹಾಗಿದ್ದವು ಅಲ್ಲಿದ್ದ ಮುಖಗಳು.

"ಕಷ್ಟ ಇದೆ" ಎಂದ ರೆಕ್ಸ್. "ಕಷ್ಟ ಇಲ್ಲ ಅಂತ ನಾನು ಹೇಳಲ್ಲ."

ಹಿಂದಿನಿಂದ ಯಾರೋ, "ಕಷ್ಟ ಯಾವತ್ತಿರ್ಲಿಲ್ಲ ಮಾರಾಯ, ನೀನು ಆಡ್ತಿದ್ದಾಗ್ಲೂ ಇತ್ತು!" ಎಂದು ಕೂಗಿದರು. ಹಾಲ್ ಘೊಳ್ಳೆಂದು ನಕ್ಕಿತು. ರೆಕ್ಸ್‌ಗೂ ನಗು ಬಂತು. ಆ ನಗೆಯಲ್ಲಿ ಏನೋ ಸಡಿಲವಾಯಿತು. ಇಷ್ಟು ಜನ ತನ್ನನ್ನು ಪ್ರೀತಿಯಿಂದ ನೋಡುತ್ತಿದ್ದಾರೆ, ಮುಂದಿನ ಮಾತಿಗೆ ಈ ಪ್ರೀತಿ ಆರಿಹೋಗುತ್ತದೆ ಎಂಬುದು ಅವನಿಗೆ ಒಮ್ಮೆಲೇ ಕಂಡಿತು. ಆ ಮುಂದಿನ ಮಾತು ಬಾಯಿಗೆ ಬರಲಿಲ್ಲ.

"ಆದ್ರೆ ಒಂದ್ಮಾತು" ಎಂದ. "ಈ ಸಲದ ತಂಡ ಗಟ್ಟಿಯಿದೆ."

ಚಪ್ಪಾಳೆ ಬಿತ್ತು. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಮಿಕ್ ಮೈ ಇಳಿಸಿದ್ದಾನೆ ಎಂದ. ಮಿಕ್ ಕುರ್ಚಿಯಲ್ಲೇ ಹೊಟ್ಟೆ ಒಳಗೆಳೆದುಕೊಂಡ. ನಡುವೆ ನಿಲ್ಲುವವನು ಕುಳ್ಳನಾದರೂ ಕಪ್ಪೆಯ ಹಾಗೆ ಎಗರುತ್ತಾನೆ ಎಂದ. ಯಾರೋ "ಡ್ಯಾರಿಲ್?" ಎಂದು ಕೂಗಿದರು. ಡ್ಯಾರಿಲ್ ಬಾಗಿಲ ಬಳಿ ಬಿಯರ್ ಹಿಡಿದು ನಿಂತಿದ್ದ. ರೆಕ್ಸ್ ಅವನ ಕಡೆ ಕೈ ತೋರಿಸಿ, "ಅವನೊಬ್ಬ ಬೂಟು ಕಟ್ಟಿದ್ರೆ ನಮಗೆ ವಿಲ್ಲಾರಿಯವರ ಹಂಗು ಯಾಕ್ರೋ?" ಎಂದ. ಜನ ಕಾಲಿನಿಂದ ನೆಲ ಬಡಿದರು. ಡ್ಯಾರಿಲ್ ಹುಡುಗನ ಹಾಗೆ ಕೆಂಪಾದ.

ಬೆವ್ ಮೇಜಿನ ಹಿಂದೆ ಕೂತು ರೆಕ್ಸ್‌ನನ್ನೇ ನೋಡುತ್ತಿದ್ದಳು. ಅವನು ಆ ಕಡೆ ತಿರುಗಲಿಲ್ಲ.

ಕೈ ಎತ್ತಿಸಿದಾಗ ಒಪ್ಪಂದದ ಪರವಾಗಿ ಎದ್ದದ್ದು ಬೆವ್‌ಳದೂ ಅಡುಗೆಕೋಣೆಯ ಹತ್ತಿರ ನಿಂತಿದ್ದ ನಾಲ್ಕೈದು ಹೆಂಗಸರದೂ ಅಷ್ಟೆ. ಉಳಿದವರೆಲ್ಲ ವಿರುದ್ಧ. ರೆಕ್ಸ್ ಕೈ ಎರಡೂ ಸಲ ಜೇಬಿನಲ್ಲೇ ಇತ್ತು.

ಜನ ಅವನ ಬೆನ್ನು ತಟ್ಟಿ ತಟ್ಟಿ ಹೋದರು. ಕ್ಲ್ಯಾರಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟ. ಕೊನೆಗೆ ಕುರ್ಚಿ ಮಡಚುತ್ತಿದ್ದ ಬೆವ್ ಹತ್ತಿರ ರೆಕ್ಸ್ ಹೋಗಿ, "ಬೆವ್, ನಂಗೆ..." ಎಂದ.

"ಚೆನ್ನಾಗಿ ಮಾತಾಡ್ದೆ" ಎಂದಳು ಅವಳು. "ಆ ಕಡೆ ಸಾಲಿನ ಕುರ್ಚಿ ಎತ್ತಿಡು."

ಮಾರನೆಯ ದಿನ ಬೆಳಿಗ್ಗೆ ಡ್ಯಾರಿಲ್ ರೆಕ್ಸ್‌ನ ಶೆಡ್ಡಿಗೆ ಬಂದ. ಹಳೆಯ ಬೂಟುಗಳಿಗೆ ಎಣ್ಣೆ ತಿಕ್ಕಿ ತಂದಿದ್ದ.

"ಹೀದರ್ ಬೈತಿದಾಳೆ" ಎಂದ ನಗುತ್ತ. ಹೀದರ್ ಅವನ ಹೆಂಡತಿ. "ಹುಚ್ಚು ಹಿಡಿದಿದೆಯಾ ನಿಂಗೆ ಅಂತ. ನಾನಂದೆ, ನೋಡೇ, ರೆಕ್ಸ್ ಸುಮ್ಸುಮ್ನೆ ಹೇಳೋ ಮನುಷ್ಯ ಅಲ್ಲ. ಅವನಿಗೆ ಏನೋ ಕಂಡಿದೆ ಅಂತ. ಮಂಡಿಗೆ ಪಟ್ಟಿ ಕಟ್ಕೊಂಡ್ರೆ ಆಗುತ್ತೆ ಅಲ್ವಾ?"

ಶೆಡ್ಡಿನಲ್ಲಿ ಇಬ್ಬರೇ ಇದ್ದರು. ಚಪ್ಪಾಳೆಯಿಲ್ಲ, ಕ್ಲ್ಯಾರಿಯ ಕಣ್ಣೀರಿಲ್ಲ. ನಿಜ ಹೇಳಲು ಅದಕ್ಕಿಂತ ಸುಲಭದ ಜಾಗ ಬೇರೆ ಇರಲಿಲ್ಲ. ರೆಕ್ಸ್ ಟ್ರ್ಯಾಕ್ಟರಿನ ಯಾವುದೋ ಬೋಲ್ಟನ್ನು ಒರೆಸುತ್ತ, "ಹುಷಾರಾಗಿ ಶುರು ಮಾಡು" ಎಂದ. ಅಷ್ಟೇ ಎಂದ. ಸಭೆಯಲ್ಲಿ ಆಡಿದ್ದಕ್ಕಿಂತ ಶೆಡ್ಡಿನಲ್ಲಿ ಆಡದೇ ಬಿಟ್ಟದ್ದೇ ತನ್ನನ್ನು ಹೆಚ್ಚು ತಿಂದಿತು ಎಂದು ಅವನು ಎಷ್ಟೋ ದಿನಗಳ ಮೇಲೆ ಹೇಳಿಕೊಂಡ.

ಏಪ್ರಿಲ್‌ನಲ್ಲಿ ಸೀಸನ್ ಶುರುವಾಯಿತು. ಮೊದಲ ಪಂದ್ಯ ನಮ್ಮೂರಲ್ಲೇ. ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು ಒಳಗೇ ಕೂತು ನೋಡುವುದು, ನಮ್ಮವರು ಗೋಲ್ ಹೊಡೆದಾಗ ಹಾರ್ನ್ ಬಾರಿಸುವುದು ನಮ್ಮ ಕಡೆಯ ರೂಢಿ. ಆ ದಿನ ಹಾರ್ನ್ ಬಾರಿಸುವ ಪ್ರಸಂಗವೇ ಹೆಚ್ಚು ಬರಲಿಲ್ಲ. ಎರಡನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಎದುರಾಳಿಗಳು ನಮ್ಮವರಿಗೆ ಪೆಟ್ಟಾಗದ ಹಾಗೆ ಮೆಲ್ಲಗೆ ಆಡತೊಡಗಿದ್ದರು. ಸೋಲಿಗಿಂತ ಆ ಕರುಣೆಯನ್ನು ನೋಡುವುದು ಕಷ್ಟವಾಗಿತ್ತು. ಕೆಲವರು ತಿನ್ನಲು ಪೈ ತರುವ ನೆಪದಲ್ಲಿ ಕಾರಿಳಿದು ಹೋಗಿ ವಾಪಸು ಬರಲಿಲ್ಲ.

ಎರಡನೇ ಪಂದ್ಯ ವಿಲ್ಲಾರಿಯಲ್ಲಿ. ಡ್ಯಾರಿಲ್ ಒಂದು ಎತ್ತರದ ಚೆಂಡಿಗೆ ಎಗರಿದ. ಹಿಡಿದೇಬಿಟ್ಟ, ನಮ್ಮ ಕಾರುಗಳೆಲ್ಲ ಕೂಗಿದವು. ಕೆಳಗೆ ಬರುವಾಗ ಬಲಗಾಲು ಒಳಕ್ಕೆ ಮಡಚಿತು. ಅವನ ಕೂಗು ಮೈದಾನದ ಆಚೆ ತುದಿಗೂ ಕೇಳಿಸಿತು. ಹಾರ್ನುಗಳು ಒಂದೊಂದಾಗಿ ನಿಂತವು. ಸ್ಟ್ರೆಚರ್ ತಂದವರೂ ವಿಲ್ಲಾರಿಯವರೇ. ಹಿಡಿಯಲು ನಮ್ಮ ಕಡೆ ಬಿಡುವಿನ ಆಳುಗಳಿರಲಿಲ್ಲ. ರೆಕ್ಸ್ ಗಡಿಗೆರೆಯ ಹತ್ತಿರ ನಿಂತವನು ಅಲ್ಲೇ ಕೂತುಬಿಟ್ಟ. ಹೀದರ್ ಅವನ ಪಕ್ಕದಲ್ಲೇ ಓಡಿಹೋದಳು. ಅವನ ಕಡೆ ನೋಡಲಿಲ್ಲ.

ಮಂಡಿಯ ನರಗಳು ಹರಿದಿವೆ, ಕುರಿ ಮೇಲೆ ಬಾಗುವ ಕೆಲಸ ಇನ್ನು ಮರೆತುಬಿಡಿ ಎಂದು ಅಡಿಲೇಡಿನ ಡಾಕ್ಟರರು ಹೇಳಿದರು.

ಡ್ಯಾರಿಲ್ ಆಸ್ಪತ್ರೆಯಿಂದ ಬಂದ ಮೇಲೆ ರೆಕ್ಸ್ ಅವನ ಮನೆಗೆ ಹೋದ. ಹೀದರ್ ಬಾಗಿಲು ತೆರೆದವಳು ಒಳಗೆ ಬಾ ಎನ್ನಲಿಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ. ಡ್ಯಾರಿಲ್ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ರೆಕ್ಸ್ ನಿಂತೇ ಹೇಳಿದ.

"ನಿನ್ ಮಂಡಿ ವಿಷ್ಯ ನಂಗೆ ಗೊತ್ತಿತ್ತು ಡ್ಯಾರಿಲ್. ನಿನ್ನ ಇಳಿಸ್ಬಾರ್ದು ಅಂತ ಬೆವ್‌ಗೆ ನಾನೇ ಹೇಳಿದ್ದೆ. ಆಮೇಲೆ ಅಲ್ಲಿ, ಎಲ್ಲರ ಮುಂದೆ... ಚಪ್ಪಾಳೆ ಬೀಳ್ತಿತ್ತು. ಹೇಳ್ಬಿಟ್ಟೆ."

ಡ್ಯಾರಿಲ್ ಟೀವಿಯ ಕಪ್ಪು ಪರದೆಯ ಕಡೆ ತಿರುಗಿದ. "ಮಂಡಿ ನಂದು ಕಣೋ" ಎಂದ. "ನಂಗೆ ಗೊತ್ತಿರ್ಲಿಲ್ವಾ? ಇನ್ನೂ ಆಡ್ಬಲ್ಲೆ ಅಂತ ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ. ನೀನು ಹೇಳ್ದೆ."

"ಅವನು ಕ್ಷಮಿಸ್ತಾನೆ" ಎಂದಳು ಹೀದರ್ ಬಾಗಿಲ ಬಳಿಯಿಂದ. "ಅವನು ಯಾವಾಗ್ಲೂ ಹಂಗೇ. ನನ್ನಿಂದ ಆಗಲ್ಲ ರೆಕ್ಸ್. ನಿನ್ ಮಾತು ಅಂತ ತಾನೇ ನಾನೂ ಸುಮ್ನಾಗಿದ್ದು. ಬೇರೆ ಯಾವನಾದ್ರೂ ಹೇಳಿದ್ರೆ ಬೂಟು ಸಮುದ್ರಕ್ಕೆ ಎಸೀತಿದ್ದೆ."

ರೆಕ್ಸ್ ಕುಗ್ಗಿ ಹಿಡಿಯಷ್ಟಾಗಿ ಹೊರಗೆ ಬಂದ. ಅಲ್ಲಿಂದ ನೇರ ಬೆವ್ ಮನೆಗೆ ಹೋಗಿ, ಇನ್ನೊಂದು ಸಭೆ ಕರಿ ಎಂದ.

ಎರಡನೇ ಸಭೆಗೆ ಬಂದವರು ಕಡಿಮೆ. ರೆಕ್ಸ್ ಯಾವ ಪೀಠಿಕೆಯನ್ನೂ ಹಾಕಲಿಲ್ಲ. ಮಾರ್ಚ್‌ನಲ್ಲಿ ಹೇಳಿದ್ದು ಸುಳ್ಳು, ಆಗಲೇ ಸುಳ್ಳೆಂದು ಗೊತ್ತಿತ್ತು ಎಂದ. ಬೇಲಿಯ ಬಳಿ ಬೆವ್‌ಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ; ಈ ಸಲ ಯಾರೂ ನಗಲಿಲ್ಲ. ಜನ ಕೂಗಾಡುತ್ತಾರೆ, ಬೈಯುತ್ತಾರೆ ಎಂದು ಅವನು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ. ಯಾರೂ ಬೈಯಲಿಲ್ಲ. ನಾವೆಲ್ಲ ನಮ್ಮ ನಮ್ಮ ಶೂ ನೋಡಿಕೊಳ್ಳುತ್ತ ಕೂತಿದ್ದೆವು.

ಕ್ಲ್ಯಾರಿ ಮಾತ್ರ ಕೋಲೂರಿ ಎದ್ದ. "ನೀನೊಬ್ನೇ ಯಾಕೆ ತಲೆ ತಗ್ಗಿಸ್ತೀಯಪ್ಪ?" ಎಂದ. "ಪ್ರತಿ ಗುರುವಾರ ಅಭ್ಯಾಸ ನೋಡೋಕೆ ನಾನೂ ಬರ್ತಿದ್ನಲ್ಲ. ನಂಗೇನು ಕಣ್ಣಿರ್ಲಿಲ್ವಾ? ನಿನ್ ಬಾಯಿಂದ ನಮಗೆ ಬೇಕಾದ್ದನ್ನ ಕೇಳಿಸ್ಕೊಂಡ್ವಿ. ಡ್ಯಾರಿಲ್‌ನ ನಾವೆಲ್ಲ ಸೇರಿ ಇಳಿಸಿದ್ದು."

ಆ ಮಾತಿನಿಂದ ಹಗುರವಾಗುವ ಬದಲು ಹಾಲ್ ಇನ್ನಷ್ಟು ಭಾರವಾಯಿತು. ಈ ಸಲ ಒಪ್ಪಂದದ ಪರವಾಗಿ ಎಲ್ಲರ ಕೈಗಳೂ ಎದ್ದವು, ತಲೆಗಳು ಏಳಲಿಲ್ಲ.

ಬೆವ್ ಮತ್ತೆ ವಿಲ್ಲಾರಿಗೆ ಹೋದಳು. ರೆಕ್ಸ್ ನಾನೂ ಬರುತ್ತೇನೆ ಎಂದ. ಅಲ್ಲಿಯವರು ಚಹಾ ಕೊಟ್ಟರು, ಡ್ಯಾರಿಲ್ ಹೇಗಿದ್ದಾನೆ ಎಂದು ವಿಚಾರಿಸಿದರು, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಹಳೆಯ ಒಪ್ಪಂದ ಮೇಜಿನ ಮೇಲೆ ಇರಲಿಲ್ಲ. ಸೀಸನ್ ಮುಗಿಯಲಿ, ಆಮೇಲೆ ನಿಮ್ಮ ಹುಡುಗರು ಬರಲಿ. ಹೆಸರು ನಮ್ಮದೇ, ಅಂಗಿ ನಮ್ಮದೇ, ನಿಮ್ಮ ಮೈದಾನ ಅಭ್ಯಾಸಕ್ಕಿರಲಿ ಎಂದರು. ಬೆವ್ ಒಂದೊಂದಕ್ಕೂ ಹೂಂ ಎಂದಳು. ಬರುವಾಗ ಕಾರಿನಲ್ಲಿ ರೆಕ್ಸ್, "ನನ್ನಿಂದ" ಎಂದ.

"ಹೌದು" ಎಂದಳು ಬೆವ್, ರಸ್ತೆ ನೋಡುತ್ತಲೇ.

ಆ ಸೀಸನ್ನನ್ನು ನಮ್ಮವರು ಹೇಗೋ ಮುಗಿಸಿದರು. ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ರೆಕ್ಸ್ ಕೋಚ್ ಕೆಲಸ ಬಿಟ್ಟು ಓಡಲಿಲ್ಲ. ಪ್ರತಿ ಶನಿವಾರ ಬಂದು, ಸೋತು, ಎದುರಾಳಿ ಕೋಚ್‌ನ ಕೈ ಕುಲುಕಿ ಮನೆಗೆ ಹೋಗುತ್ತಿದ್ದ. ಡ್ಯಾರಿಲ್ ಸುಗ್ಗಿಯಲ್ಲಿ ಧಾನ್ಯದ ಲಾರಿ ಓಡಿಸತೊಡಗಿದ. ಅದಕ್ಕೆ ಹತ್ತುವಾಗ ಮೊದಲು ಎಡಗಾಲಿಟ್ಟು ಬಲಗಾಲನ್ನು ಕೈಯಿಂದ ಎತ್ತಿಕೊಳ್ಳುತ್ತಾನೆ. ರೆಕ್ಸ್ ಎದುರಿಗೆ ಸಿಕ್ಕರೆ ಕೈಯೆತ್ತುತ್ತಾನೆ. ರೆಕ್ಸ್ ಕೂಡ ಎತ್ತುತ್ತಾನೆ, ಆದರೆ ಅವನ ಕಣ್ಣು ಮಾತ್ರ ಲಾರಿಯ ಗಾಲಿಯ ಮೇಲಿರುತ್ತದೆ. ಹೀದರ್ ಇಂದಿಗೂ ಅವನೊಡನೆ ಮಾತಾಡುವುದಿಲ್ಲ.

ಮರುವರ್ಷ ಬೇಸಿಗೆಯಲ್ಲಿ ವಿಲ್ಲಾರಿಯ ಕೋಚ್, ನಮ್ಮೂರಿಂದ ಬಂದ ಆಟಗಾರರ ಬಗ್ಗೆ ರೆಕ್ಸ್‌ನ ಅಭಿಪ್ರಾಯ ಕೇಳಿದ. ರೆಕ್ಸ್ ಒಬ್ಬೊಬ್ಬರ ಬಗ್ಗೆಯೂ ಇದ್ದದ್ದನ್ನು ಹೇಳಿದ. ಆಮೇಲೆ, ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು, ತಾನೇ ಮಿಕ್ ಟ್ರೆನಾರ್ಡನ್‌ನ ಮನೆಗೆ ಹೋದ. ಮಿಕ್ ಅಂಗಳದಲ್ಲಿ ಏಡಿಬಲೆ ತೊಳೆಯುತ್ತಿದ್ದ.

"ಎ ಗ್ರೇಡ್‌ನಲ್ಲಿ ನಿಂಗೆ ಜಾಗ ಸಿಗಲ್ಲ ಮಿಕ್. ನಾನೇ ಹೇಳ್ದೆ ಅವರಿಗೆ. ಬಿ ಗ್ರೇಡ್‌ನಲ್ಲಿ ಆಡು, ಇಷ್ಟ ಇದ್ರೆ."

ಮಿಕ್ ಪೈಪಿನ ನೀರು ನಿಲ್ಲಿಸಲಿಲ್ಲ. "ಈಗ ಬಂತು ನೋಡು ಬಾಯಿ" ಎಂದ. "ಬರ್ಬೇಕಾದಾಗ ಎಲ್ಲಿಟ್ಟಿದ್ಯೋ?"

ಮಿಕ್ ಇನ್ನೂ ಏನೇನೋ ಅಂದ, ಅವನ ತಾಯಿಯ ಮೇಲೂ ಅಂದ. ರೆಕ್ಸ್ ಒದ್ದೆ ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ. ಬೈದು ಬೈದು ಸಾಕಾದ ಮೇಲೆ ಮಿಕ್, "ಅಭ್ಯಾಸ ಯಾವತ್ತಿಂದ?" ಎಂದು ಕೇಳಿದ.

"ಮಂಗಳವಾರ" ಎಂದ ರೆಕ್ಸ್.